ಸಾಹಸ ಕ್ಯಾಂಪ್‌ನಲ್ಲಿ ಇಂಟರ್ನ್‌ಶಿಪ್: ಮೊದಲ ಫೋನ್ ಕರೆಯಿಂದ ಲಾಗ್‌ಬುಕ್ ತನಕ

ಟೂರಿಸಂ, ಬಿಬಿಎ, ದೈಹಿಕ ಶಿಕ್ಷಣ ಓದುತ್ತಿರುವವರು ಇಂಟರ್ನ್‌ಶಿಪ್‌ಗೆ ಈಗೀಗ ಸಾಹಸ ಕ್ಯಾಂಪ್‌ಗಳ ಕಡೆ ನೋಡುತ್ತಿದ್ದಾರೆ. ತುಂಬಾ ಒಳ್ಳೆಯದು. ಆದರೆ ದಿನಾ ರಾಫ್ಟಿಂಗ್ ಮಾಡಬಹುದು, ದಿನಾ ಬಂಡೆ ಹತ್ತಬಹುದು, ಜೊತೆಗೆ ಸರ್ಟಿಫಿಕೇಟೂ ಸಿಗುತ್ತದೆ ಅಂದುಕೊಂಡು ಬರುವವರೇ ಜಾಸ್ತಿ. ಕೆಲಸ ಅದಲ್ಲ. ಬಂದ ಅತಿಥಿಗಳು ನದಿಗೆ ಇಳಿಯಬೇಕು, ಬಂಡೆ ಹತ್ತಬೇಕು, ಸಂಜೆ ಯಾವ ಪೆಟ್ಟೂ ಇಲ್ಲದೆ ನಗುತ್ತಾ ಬಸ್ಸು ಹತ್ತಬೇಕು. ಅದು ಹಾಗೆಯೇ ಆಗುವಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ನಿಮ್ಮ ಸಾಹಸ ಆಮೇಲಿನದು, ವಾರದ ರಜೆಯ ದಿನದ್ದು.

ಇದು ತಲೆಯಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಕೂರದಿದ್ದರೆ ಎರಡನೇ ವಾರಕ್ಕೇ ಬೇಜಾರಾಗುತ್ತದೆ, ಯಾಕಂದ್ರೆ ಆ ಹೊತ್ತಿಗೆ ಲೈಫ್ ಜಾಕೆಟ್ ಒಗೆದು ಒಗೆದು ಕೈ ಸುಕ್ಕಾಗಿರುತ್ತದೆ.

ಮೊದಲು: ಯಾವ ಕೆಲಸ, ಯಾವ ಕಾಲ

ನಮ್ಮ ರಾಜ್ಯದಲ್ಲಿ ಸಾಹಸ ಕ್ಯಾಂಪ್ ಅಂದರೆ ಒಂದೇ ಥರ ಅಲ್ಲ. ನದಿ ಇಷ್ಟ ಅನ್ನುವವರು ಕಾಳಿ ನದಿಯ ಕಡೆ ನೋಡಿ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ, ಅದರ ಕೆಳಗಿನ ನದಿಯಲ್ಲಿ ರಾಫ್ಟಿಂಗ್ ನಡೆಯುತ್ತದೆ. ಅಲ್ಲಿಯ ನೀರು ಮಳೆಯನ್ನಷ್ಟೇ ನಂಬಿಕೊಂಡಿಲ್ಲ. ವಿದ್ಯುತ್ ತಯಾರಿಸಲು ಅಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆ ಅನ್ನುವುದರ ಮೇಲೆ ಆ ದಿನದ ನದಿ ಹೇಗಿರುತ್ತದೆ ಅನ್ನುವುದು ನಿಂತಿದೆ. ಬೆಳಿಗ್ಗೆ ಕಲ್ಲು ಕಾಣುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ನೊರೆ ಉಕ್ಕುತ್ತಿರಬಹುದು. ಕೊಡಗಿನ ದಕ್ಷಿಣ ಭಾಗದ ಬರಪೊಳೆಯದು ಬೇರೆ ಕಥೆ, ಅದು ಮಳೆಗಾಲದ ನದಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಅಲ್ಲಿ ಕೈತುಂಬಾ ಕೆಲಸ.

ಬಂಡೆ ಇಷ್ಟ ಅಂದರೆ ರಾಮನಗರ, ಸಾವನದುರ್ಗ, ಬಾದಾಮಿ. ರಾಮನಗರದ್ದು ಗ್ರಾನೈಟ್, ಬಾದಾಮಿಯದು ಕೆಂಪು ಮರಳುಗಲ್ಲು. ಬಾದಾಮಿಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಏಪ್ರಿಲ್ ಬಿಸಿಲಲ್ಲಿ ಆ ಕಲ್ಲು ಮುಟ್ಟೋಕಾಗಲ್ಲ. ರಾಮನಗರದಲ್ಲಿ ಒಂದು ವಿಷಯ ಗೊತ್ತಿರಲಿ. ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ, ಅಲ್ಲಿ ಎಲ್ಲೆಂದರಲ್ಲಿ ಹಗ್ಗ ಕಟ್ಟುವಂತಿಲ್ಲ. ಯಾವುದಾದರೂ ಸಂಸ್ಥೆ 'ಅದೆಲ್ಲ ನಾವು ನೋಡ್ಕೋತೀವಿ ಬಿಡಿ' ಅಂದರೆ ಅಲ್ಲಿಗೆ ಹೋಗಬೇಡಿ.

ಚಾರಣದ ಕಂಪನಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಕುದುರೆಮುಖ, ಕುಮಾರಪರ್ವತ, ತಡಿಯಂಡಮೋಳ್ ಅಂತ ವಾರಾಂತ್ಯಕ್ಕೆ ಬಸ್ಸು ಬಿಡುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನ ಜಾತ್ರೆಯ ಹಾಗೆ ಸೇರಿದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಈಗ ಅನುಮತಿ ಇಲ್ಲದೆ ಕಾಡಿಗೆ ಕಾಲಿಡುವಂತಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಎಷ್ಟೋ ಹಾದಿಗಳನ್ನು ಮುಚ್ಚಿರುತ್ತಾರೆ. ಅಂಥ ತಿಂಗಳಲ್ಲಿ ಚಾರಣದ ಕಂಪನಿಗೆ ಸೇರಿದರೆ ಆಫೀಸಿನಲ್ಲಿ ಕೂತು ಫೋನ್ ಎತ್ತುವುದೇ ಕೆಲಸವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ರಜೆ ಇದ್ದರೆ ಮಕ್ಕಳ ಬೇಸಿಗೆ ಶಿಬಿರ ನಡೆಸುವ ಜಾಗ ಹುಡುಕಿ. ನನ್ನ ಮಟ್ಟಿಗೆ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಮಕ್ಕಳನ್ನು ಸಂಭಾಳಿಸಲು ಬಂದರೆ ದೊಡ್ಡವರನ್ನು ಸಂಭಾಳಿಸುವುದು ತಾನಾಗಿ ಬರುತ್ತದೆ.

ಸಂಸ್ಥೆಯನ್ನು ನೀವೇ ಪರೀಕ್ಷೆ ಮಾಡಿ

ಇಂಟರ್ವ್ಯೂ ಅವರದ್ದಷ್ಟೇ ಅಲ್ಲ, ನಿಮ್ಮದೂ ಹೌದು. ವಾಟ್ಸಾಪ್ ಮೆಸೇಜ್ ಸಾಲದು, ಫೋನ್ ಮಾಡಿ ಮಾತಾಡಿ. ಸಂಕೋಚ ಬೇಡ, ಒಳ್ಳೆಯ ಸಂಸ್ಥೆಯವರು ಈ ಪ್ರಶ್ನೆಗಳನ್ನು ಕೇಳಿದರೆ ಖುಷಿ ಪಡುತ್ತಾರೆ:

– ಮುಖ್ಯ ಇನ್‌ಸ್ಟ್ರಕ್ಟರ್ ಯಾರು, ಎಲ್ಲಿ ಕಲಿತವರು?
– ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಅತಿಥಿಗಳು?
– ಹತ್ತಿರದ ಆಸ್ಪತ್ರೆ ಯಾವುದು, ಜೀಪಿನಲ್ಲಿ ಎಷ್ಟು ಹೊತ್ತು?
– ಅತಿಥಿಗಳ ವಿಮೆಯಲ್ಲಿ ಇಂಟರ್ನ್‌ಗಳೂ ಸೇರಿದ್ದಾರಾ?
– ಕೊನೆಯ ಸಲ ಒಂದು ಚಟುವಟಿಕೆಯನ್ನು ರದ್ದು ಮಾಡಿದ್ದು ಯಾವಾಗ, ಯಾಕೆ?

ಈ ಕೊನೆಯ ಪ್ರಶ್ನೆಯನ್ನು ಮರೆಯದೆ ಕೇಳಿ. 'ಹೋದ ತಿಂಗಳು ನೀರು ಜಾಸ್ತಿ ಬಂತು, ಎರಡು ಬ್ಯಾಚ್ ವಾಪಸ್ ಕಳಿಸಿ ದುಡ್ಡು ಹಿಂದಕ್ಕೆ ಕೊಟ್ವಿ' ಅಂತ ತಡವರಿಸದೆ ಹೇಳಿದರೆ ಅದು ನಂಬಬಹುದಾದ ಜಾಗ. 'ನಮ್ಮಲ್ಲಿ ಯಾವತ್ತೂ ರದ್ದು ಆಗಿಲ್ಲ' ಅಂತ ಹೆಮ್ಮೆಯಿಂದ ಹೇಳಿದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಮಳೆ, ಸಿಡಿಲು, ಜೇನು, ನೆರೆ ಇರುವ ನಾಡಿನಲ್ಲಿ ವರ್ಷದಲ್ಲಿ ಒಂದು ಸಲವೂ ರದ್ದು ಮಾಡದೆ ಕ್ಯಾಂಪ್ ನಡೆಸುವುದು ಅಂದರೆ ಏನರ್ಥ ಅಂತ ನೀವೇ ಯೋಚಿಸಿ.

ಆಮೇಲೆ ದುಡ್ಡು, ಊಟ, ವಸತಿ. ಎಷ್ಟೋ ಕಡೆ ಇಂಟರ್ನ್‌ಗೆ ಊಟ, ವಸತಿ ಕೊಟ್ಟು ಸ್ವಲ್ಪ ಕೈಖರ್ಚು ಕೊಡುತ್ತಾರೆ, ಕೆಲವು ಕಡೆ ಅದೂ ಇಲ್ಲ. ಯಾವುದಕ್ಕೂ ಮೊದಲೇ ಬಾಯಿಬಿಟ್ಟು ಕೇಳಿ, ಪತ್ರದಲ್ಲಿ ಬರೆಸಿಕೊಳ್ಳಿ. ವಾರದ ರಜೆ ಯಾವ ದಿನ ಅಂತಲೂ ಕೇಳಿ. ಶನಿವಾರ, ಭಾನುವಾರ ಸಿಗುವುದಿಲ್ಲ, ಅದು ಈ ಕೆಲಸದ ಸ್ವಭಾವ. ಇಂಟರ್ನ್‌ಶಿಪ್‌ಗೆ ಡೆಪಾಸಿಟ್ ಕಟ್ಟಿ ಅನ್ನುವವರಿಂದ ದೂರ ಇರಿ. ದುಡ್ಡು ಕೊಟ್ಟು ಕಲಿಯುವುದು ಕೋರ್ಸ್, ದುಡಿದು ಕಲಿಯುವುದು ಇಂಟರ್ನ್‌ಶಿಪ್, ಎರಡನ್ನೂ ಕಲಸಬೇಡಿ.

ಹುಡುಗಿಯರು ವಸತಿಯ ಬಗ್ಗೆ ಬಿಡಿಸಿ ಕೇಳಿ: ರೂಮಿಗೆ ಒಳಗಿನಿಂದ ಚಿಲಕ ಇದೆಯಾ, ಬಾತ್‌ರೂಮ್ ಬೇರೆ ಇದೆಯಾ, ಸಿಬ್ಬಂದಿಯಲ್ಲಿ ಬೇರೆ ಹೆಂಗಸರು ಇದ್ದಾರಾ. 10 ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು ಅಂತ 2013ರ ಕಾನೂನು ಹೇಳುತ್ತದೆ. ತರಬೇತಿಗೆ ಬಂದವರಿಗೂ ಆ ಕಾನೂನು ಅನ್ವಯಿಸುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳುವುದು ಜಗಳ ಅಲ್ಲ, ಹಕ್ಕು.

ಸಾಧ್ಯವಾದರೆ ಸೇರುವ ಮೊದಲು ಒಂದು ದಿನ ಅತಿಥಿಯ ಹಾಗೆ ಹೋಗಿ ಬನ್ನಿ. ಸುಮ್ನೆ ಕೂತು ನೋಡಿ. ಲೈಫ್ ಜಾಕೆಟ್‌ನ ಬಕಲ್‌ಗಳು ಎಲ್ಲವೂ ಇವೆಯಾ, ಇಲ್ಲ ಒಂದೆರಡು ಕಡೆ ದಾರ ಕಟ್ಟಿದ್ದಾರಾ? ಗೈಡ್ ತಾನೂ ಹೆಲ್ಮೆಟ್ ಹಾಕಿದ್ದಾನಾ? ಅತಿಥಿಗಳು ಕುಡಿದು ಬಂದರೆ ಏನು ಮಾಡುತ್ತಾರೆ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ಭಾರತದ ಸಾಹಸ ಪ್ರವಾಸ ಆಯೋಜಕರ ಸಂಘ ಸೇರಿ 2018ರಲ್ಲಿ ಒಂದು ಸುರಕ್ಷತಾ ಮಾರ್ಗಸೂಚಿ ತಂದಿವೆ. ಯಾವ ಚಟುವಟಿಕೆಗೆ ಯಾವ ಸಲಕರಣೆ, ಗೈಡ್‌ಗೆ ಎಂಥ ತರಬೇತಿ ಬೇಕು ಅಂತ ಅದರಲ್ಲಿ ಚಟುವಟಿಕೆವಾರು ಇದೆ. ನೀವು ಸೇರುವ ಚಟುವಟಿಕೆಯ ಅಧ್ಯಾಯವನ್ನಾದರೂ ಓದಿಕೊಂಡು ಹೋಗಿ, ಏನು ನೋಡಬೇಕು ಅಂತ ಕಣ್ಣಿಗೆ ಗೊತ್ತಾಗುತ್ತದೆ.

ಹೊರಡುವ ಮೊದಲಿನ ತಯಾರಿ

ಜಿಮ್ ದೇಹ ಬೇಕಾಗಿಲ್ಲ. ಹೆಗಲಿಗೆ ಭಾರ ಹೊತ್ತು ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಮಾಡಿ, ಸಾಕು. ನೀರಿನ ಕೆಲಸಕ್ಕೆ ಹೋಗುವವರಿಗೆ ಈಜು ಬರಲೇಬೇಕು, 'ಲೈಫ್ ಜಾಕೆಟ್ ಇರುತ್ತಲ್ವಾ' ಅನ್ನುವುದು ಅತಿಥಿಯ ಮಾತು, ಕೆಲಸದವರ ಮಾತಲ್ಲ. ಆಸ್ತಮಾ, ಫಿಟ್ಸ್, ಹಳೆಯ ಮಂಡಿ ನೋವು, ಜೇನು ಕಚ್ಚಿದರೆ ಮೈಯೆಲ್ಲ ಊದುವ ಅಲರ್ಜಿ ಏನೇ ಇದ್ದರೂ ಮೊದಲೇ ಹೇಳಿಬಿಡಿ. ಮುಚ್ಚಿಟ್ಟರೆ ತೊಂದರೆ ನಿಮಗೊಬ್ಬರಿಗೆ ಅಲ್ಲ, ನಿಮ್ಮನ್ನು ನಂಬಿ ಹಗ್ಗಕ್ಕೆ ಜೋತುಬಿದ್ದವರಿಗೂ.

ಪ್ರಥಮ ಚಿಕಿತ್ಸೆಯ ಕೋರ್ಸ್ ಮಾಡಿಕೊಂಡು ಹೋಗಿ. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಇಂಥ ತರಬೇತಿ ಕೊಡುತ್ತವೆ. ಇಷ್ಟು ಕಲಿತು ಹೋದ ಇಂಟರ್ನ್‌ಗೂ ಬರಿಗೈಯಲ್ಲಿ ಹೋದ ಇಂಟರ್ನ್‌ಗೂ ಮೊದಲ ದಿನದಿಂದಲೇ ಬೇರೆ ಬೆಲೆ ಇರುತ್ತದೆ.

ಮಲೆನಾಡಿಗೆ ಹೋಗುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದುಕೊಂಡಿರಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಇದು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈಗಲೂ ಇದೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಹರಡುವುದು ಉಣುಗಿನಿಂದ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ಕಾಡಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರಲ್ಲಿ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗವನ್ನೆಲ್ಲ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹಿರಿಯರಿಗೆ ಹೇಳಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಬ್ಯಾಗಿಗೆ ಏನು? ಜೀನ್ಸ್ ಬೇಡ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಬೇಗ ಒಣಗುವ ಪ್ಯಾಂಟು, ಟೀ ಶರ್ಟು, ಹಿಂದೆ ಪಟ್ಟಿ ಇರುವ ಸ್ಯಾಂಡಲ್, ಒಂದು ಜೊತೆ ಶೂ, ತಲೆಗೆ ಕಟ್ಟುವ ಟಾರ್ಚು, ಗಟ್ಟಿ ರೈನ್‌ಕೋಟು, ಕನ್ನಡಕ ಇದ್ದರೆ ಅದಕ್ಕೊಂದು ದಾರ. ಇಂಬಳಕ್ಕೆ ಉಪ್ಪೋ ಸುಣ್ಣವೋ ಅಲ್ಲೇ ಸಿಗುತ್ತದೆ, ಹೆದರಬೇಡಿ. ಪೆನ್ನಿನ ಜೊತೆ ಪೆನ್ಸಿಲ್ ಇಟ್ಟುಕೊಳ್ಳಿ, ಮಳೆಯಲ್ಲಿ ಶಾಯಿ ಕದಡುತ್ತದೆ.

ಅಪ್ಪ ಅಮ್ಮನಿಗೆ ಕ್ಯಾಂಪಿನ ಮ್ಯಾನೇಜರ್ ನಂಬರ್ ಕೊಟ್ಟು ಹೋಗಿ. ಎಷ್ಟೋ ಕಡೆ ನೆಟ್‌ವರ್ಕ್ ಇರುವುದಿಲ್ಲ, 'ದಿನಾ ರಾತ್ರಿ 9ಕ್ಕೆ ಫೋನ್ ಮಾಡ್ತೀನಿ' ಅಂತ ಮಾತು ಕೊಟ್ಟು ಹೋಗಿ ಮೂರನೇ ದಿನ ಮನೆಯಲ್ಲಿ ಎಲ್ಲರನ್ನೂ ಗಾಬರಿ ಮಾಡುವುದಕ್ಕಿಂತ ವಾರಕ್ಕೆ ಎರಡು ಸಲ ಅಂತ ಹೇಳಿ ಹೋಗುವುದು ವಾಸಿ.

ಮೊದಲ ವಾರ: ಬಾಯಿ ಕಡಿಮೆ, ಕಣ್ಣು ಜಾಸ್ತಿ

ಹೋದ ದಿನ ಎಲ್ಲರ ಹೆಸರು ಕೇಳಿಕೊಳ್ಳಿ. ಇನ್‌ಸ್ಟ್ರಕ್ಟರ್‌ಗಳದ್ದಷ್ಟೇ ಅಲ್ಲ, ಅಡುಗೆಯವರು, ಡ್ರೈವರ್, ಬೋಟು ಹೊರುವ ಹುಡುಗರು ಎಲ್ಲರದ್ದೂ. ಅಣ್ಣ, ಅಕ್ಕ ಅಂತ ಮಾತಾಡಿಸಿ. ಜೋಯಿಡಾ, ಹಳಿಯಾಳದ ಕಡೆ ಕ್ಯಾಂಪ್‌ಗಳಲ್ಲಿ ಕುಣಬಿ, ಸಿದ್ದಿ ಸಮುದಾಯದವರು ಕೆಲಸ ಮಾಡುತ್ತಾರೆ. ಆ ಕಾಡಿನಲ್ಲೇ ಹುಟ್ಟಿ ಬೆಳೆದವರು. ನೀರಿನ ಬಣ್ಣ ನೋಡಿ ಮೇಲೆ ಮಳೆ ಬಿದ್ದಿದೆ ಅಂತ ಹೇಳುವವರು ಇವರು, ಡಿಗ್ರಿ ಇರುವ ನಾವಲ್ಲ. ಅವರ ಜೊತೆ ಚಹಾ ಕುಡಿಯಲು ಕೂತರೆ ಕಲಿಯುವುದು ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಮೊದಲ ಕೆಲಸ ಸಾಮಾನ್ಯವಾಗಿ ಗೇರ್ ರೂಮಿನಲ್ಲಿ, ಅಂದರೆ ಸಲಕರಣೆ ಇಡುವ ಕೋಣೆಯಲ್ಲಿ. ಇದನ್ನು ಶಿಕ್ಷೆ ಅಂದುಕೊಳ್ಳಬೇಡಿ. ಹಗ್ಗ ನೋಡುವುದನ್ನೇ ತೆಗೆದುಕೊಳ್ಳಿ. ಒಂದು ತುದಿಯಿಂದ ಶುರು ಮಾಡಿ ಇಡೀ ಹಗ್ಗವನ್ನು ಬೆರಳುಗಳ ನಡುವೆ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಕಣ್ಣಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ: ಎಲ್ಲೋ ಒಂದು ಕಡೆ ಹಗ್ಗ ಮೆತ್ತಗಾಗಿರುತ್ತದೆ, ಚಪ್ಪಟೆಯಾಗಿರುತ್ತದೆ, ಇಲ್ಲ ಮೇಲಿನ ಹೊದಿಕೆ ಸವೆದು ಒಳಗಿನ ಬಿಳಿ ಎಳೆ ಇಣುಕುತ್ತಿರುತ್ತದೆ. ಅಂಥದ್ದು ಸಿಕ್ಕರೆ ಅಲ್ಲೇ ಗಂಟು ಹಾಕಿ, ಬೇರೆ ಇಟ್ಟು, ಹಿರಿಯರನ್ನು ಕರೆಯಿರಿ. ಹಗ್ಗವನ್ನು ತುಳಿಯಬೇಡಿ ಅಂತ ಎಲ್ಲರೂ ಬೈಯುವುದು ಶಾಸ್ತ್ರಕ್ಕಲ್ಲ. ತುಳಿದರೆ ಮರಳಿನ ಕಣ ಒಳಗೆ ಹೋಗಿ ಎಳೆಗಳನ್ನು ಒಳಗಿನಿಂದಲೇ ಕೊಯ್ಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ತೊಳೆದರೆ ನೆರಳಲ್ಲಿ ಒಣಹಾಕಿ. ಜೀಪಿನ ಬ್ಯಾಟರಿ ಇಟ್ಟ ಜಾಗದಲ್ಲಿ ಹಗ್ಗ ಇಡಲೇಬೇಡಿ, ಆ್ಯಸಿಡ್ ತಗುಲಿದ ಹಗ್ಗ ನೋಡಲು ಚೆನ್ನಾಗಿಯೇ ಇದ್ದು ಭಾರ ಬಿದ್ದಾಗ ಕಿತ್ತುಹೋಗಬಹುದು.

ಹಿಗ್ಗುವ ಹಗ್ಗ, ಹಿಗ್ಗದ ಹಗ್ಗ ಅಂತ ಎರಡು ಜಾತಿ ಇವೆ. ಮೇಲೆ ಹತ್ತುವಾಗ ಬಿದ್ದರೆ ಪೆಟ್ಟು ತಡೆಯಲು ಹಿಗ್ಗುವ ಡೈನಾಮಿಕ್ ಹಗ್ಗ. ರಾಪ್ಲಿಂಗ್‌ಗೆ, ಅಂದರೆ ಹಗ್ಗದ ಆಧಾರದಲ್ಲಿ ಬಂಡೆ ಇಳಿಯಲು, ಹಿಗ್ಗದ ಸ್ಟ್ಯಾಟಿಕ್ ಹಗ್ಗ. ಯಾವುದು ಯಾವುದು ಅಂತ ಕೇಳದೆ ಗೊತ್ತಾಗುವ ತನಕ ನೀವಾಗಿ ಯಾವ ಹಗ್ಗವನ್ನೂ ತೆಗೆದುಕೊಂಡು ಹೋಗಬೇಡಿ.

ಹಾರ್ನೆಸ್ ಅಂದರೆ ಸೊಂಟಕ್ಕೆ, ತೊಡೆಗೆ ಬಿಗಿದು ಹಗ್ಗಕ್ಕೆ ಸೇರಿಸುವ ಪಟ್ಟಿ, ಅದರ ಪರೀಕ್ಷೆಯನ್ನೂ ಇದೇ ವಾರ ಕಲಿಯಿರಿ. ಸೊಂಟದ ಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಕೂತಿರಬೇಕು, ಕೆಳಗೆ ಎಳೆದರೆ ಜಾರಬಾರದು. ಬಕಲ್‌ನಿಂದ ಹೊರಬಂದ ಪಟ್ಟಿಯ ತುದಿ ಅಂಗೈ ಅಗಲದಷ್ಟಾದರೂ ಉಳಿದಿರಬೇಕು. ಹಗ್ಗ, ಹಾರ್ನೆಸ್ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬೈನರ್‌ನ ಸ್ಕ್ರೂ ಪೂರ್ತಿ ತಿರುಗಿರಬೇಕು, ತಿರುಗಿದ ಮೇಲೂ ಗೇಟನ್ನು ಬೆರಳಿನಿಂದ ಒತ್ತಿ ನೋಡಬೇಕು. ಹಗ್ಗಕ್ಕೆ ಹಾಕುವ 8ರ ಆಕಾರದ ಎಂಟರ ಗಂಟಿನಲ್ಲಿ ಎರಡೆರಡು ಎಳೆ ಜೊತೆಜೊತೆಯಾಗಿ, ಒಂದರ ಮೇಲೊಂದು ಹಾಯದೆ ಕೂತಿರಬೇಕು. ಕಣ್ಣಲ್ಲಿ ನೋಡಿ, ಕೈಯಲ್ಲಿ ಎಳೆದು, ಬಾಯಲ್ಲಿ ಗಟ್ಟಿಯಾಗಿ ಹೇಳಿ. ನೀವು ನೋಡಿದ ಮೇಲೆ ಇನ್ನೊಬ್ಬರು ನೋಡಬೇಕು. ಅವರು ನೋಡಿದ್ದಾರೆ ಅಂತ ನೀವು ಬಿಟ್ಟು, ನೀವು ನೋಡಿದ್ದೀರಿ ಅಂತ ಅವರು ಬಿಟ್ಟಾಗಲೇ ಅನಾಹುತ ಆಗುವುದು.

ಅತಿಥಿಗಳ ಮುಂದೆ ನಿಂತಾಗ

ಎರಡನೇ ವಾರದ ಹೊತ್ತಿಗೆ ಚಾರಣದಲ್ಲಿ ನಿಮ್ಮನ್ನು ಸ್ವೀಪ್ ಮಾಡಬಹುದು. ಅಂದರೆ ಸಾಲಿನ ಕಟ್ಟಕಡೆಯವರು ನೀವು. ನಿಯಮ ಒಂದೇ, ನಿಮ್ಮ ಹಿಂದೆ ಯಾರೂ ಇರಬಾರದು. ಒಬ್ಬರು ಶೂ ಲೇಸ್ ಕಟ್ಟಲು ಕೂತರೆ ನೀವೂ ನಿಲ್ಲಿ. ಒಬ್ಬರು ಪೊದೆ ಹಿಂದೆ ಹೋಗಬೇಕು ಅಂದರೆ ಅವರ ಬ್ಯಾಗು ದಾರಿ ಮೇಲೆ ಕಾಣುವ ಹಾಗೆ ಇಡಲು ಹೇಳಿ, ಕಾಯಿರಿ. ಹೊರಡುವಾಗ, ದಾರಿ ಕವಲೊಡೆದ ಕಡೆ, ಹಳ್ಳ ದಾಟಿದ ಮೇಲೆ, ಊಟ ಮುಗಿದು ಏಳುವಾಗ ತಲೆ ಎಣಿಸಿ. ಮುಂದಿನವರು 'ಎಲ್ಲ ಬಂದ್ರಾ?' ಅಂದಾಗ 'ಬಂದ್ರು' ಅಂತ ಹೇಳಬೇಡಿ, ಎಷ್ಟು ಜನ ಅಂತ ಸಂಖ್ಯೆ ಹೇಳಿ.

ನದಿಯಲ್ಲಿ ನಿಮಗೆ ಮೊದಲು ಸಿಗುವುದು ಸುರಕ್ಷತೆಯ ಮಾತು ಹೇಳುವ ಕೆಲಸ. ಅದನ್ನು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಬೇಡಿ. ಮೂರು ವಿಷಯ ಪ್ರತಿಯೊಬ್ಬರ ತಲೆಗೂ ಹೋಗಲೇಬೇಕು. ಒಂದು, ಹುಟ್ಟಿನ ಮೇಲ್ತುದಿಯ ಹಿಡಿಯಿಂದ ಕೈ ತೆಗೆಯಬಾರದು, ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ಎರಡು, ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಹರಿವಿನ ದಿಕ್ಕಿಗೆ ಚಾಚಿ, ಪಾದ ಮೇಲೆ ಕಾಣುವ ಹಾಗೆ ತೇಲಬೇಕು. ಮೂರು, ಹರಿಯುವ ನೀರಲ್ಲಿ ಎದ್ದು ನಿಲ್ಲಬಾರದು. ಮಂಡಿಯುದ್ದ ನೀರು ತಾನೇ ಅಂತ ನಿಂತರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೀರು ಮುಂದಕ್ಕೆ ಬಗ್ಗಿಸಿಬಿಡುತ್ತದೆ. ಇದನ್ನು ಹೇಳಿ ಸುಮ್ಮನಾಗಬೇಡಿ, ಒಬ್ಬರನ್ನು ದಡದ ಮೇಲೆ ಮಲಗಿಸಿ ಮಾಡಿ ತೋರಿಸಿ. ಗುಂಪಿನಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆಯವರಿದ್ದರೆ ಅವರ ಭಾಷೆಯಲ್ಲೂ ಹೇಳಿ, ಅಥವಾ ಹೇಳಿಸಿ. ಅರ್ಥವಾಗದೆ ತಲೆಯಾಡಿಸುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ.

ಥ್ರೋ ಬ್ಯಾಗ್ ಅಂದರೆ ನೀರಿಗೆ ಬಿದ್ದವರ ಕಡೆ ಎಸೆಯುವ, ಹಗ್ಗ ತುಂಬಿದ ಚೀಲ. ಅದನ್ನು ಎಸೆಯುವುದನ್ನು ಖಾಲಿ ಇದ್ದಾಗಲೆಲ್ಲ ಮೈದಾನದಲ್ಲಿ ಅಭ್ಯಾಸ ಮಾಡಿ. ಮೊದಲು ಕೂಗಿ ಅವರು ನಿಮ್ಮ ಕಡೆ ನೋಡುವಂತೆ ಮಾಡಬೇಕು. ಆಮೇಲೆ ಬ್ಯಾಗು ಅವರ ತಲೆ ದಾಟಿ ಆಚೆ ಬೀಳುವ ಹಾಗೆ ಎಸೆಯಬೇಕು, ಹಗ್ಗ ಅವರ ಎದೆಯ ಮೇಲೆ ಬಿದ್ದರೆ ಹಿಡಿಯುವುದು ಸುಲಭ. ಹಗ್ಗವನ್ನು ನಿಮ್ಮ ಕೈಗೆ ಯಾವತ್ತೂ ಸುತ್ತಿಕೊಳ್ಳಬೇಡಿ.

ಇನ್ನು ಭಯ. ರಾಪ್ಲಿಂಗ್ ಜಾಗದಲ್ಲಿ ಬಂಡೆಯ ಅಂಚಿಗೆ ಬಂದ ಹುಡುಗಿ ಒಬ್ಬಳು ನಿಂತುಬಿಡುತ್ತಾಳೆ ಅಂದುಕೊಳ್ಳಿ. ಏಳನೇ ಕ್ಲಾಸು. ಕಾಲು ನಡುಗುತ್ತಿದೆ, ಹಗ್ಗ ಹಿಡಿದ ಗೆಣ್ಣು ಬಿಳಿಚಿಕೊಂಡಿದೆ, ಕೆಳಗಿನಿಂದ ಗೆಳತಿಯರು ಅವಳ ಹೆಸರು ಕೂಗುತ್ತಿದ್ದಾರೆ, ಟೀಚರ್ ಮೊಬೈಲ್ ಹಿಡಿದು ಕಾಯುತ್ತಿದ್ದಾರೆ. ಮೊದಲು ಕೆಳಗಿನವರಿಗೆ ಕೂಗಬೇಡಿ ಅಂತ ಸನ್ನೆ ಮಾಡಿ. ಅವಳ ಮಟ್ಟಕ್ಕೆ ಕೂತುಕೊಳ್ಳಿ. 'ಹೆದರ್ಕೋಬೇಡ' ಅನ್ನಬೇಡಿ, ಹೆದರಿದ್ದಾಳೆ, ಅದು ಸುಳ್ಳಲ್ಲ. 'ಹಗ್ಗ ಯಾರು ಹಿಡಿದಿದ್ದಾರೆ ನೋಡು, ಅಲ್ಲಿ ಆ ಅಣ್ಣ. ನೀನು ಕೈಬಿಟ್ರೂ ಅವರು ಹಿಡ್ಕೊಂಡಿರ್ತಾರೆ. ಒಂದ್ಸಲ ಹಿಂದಕ್ಕೆ ಒರಗಿ ನೋಡ್ತೀಯಾ? ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಬಂದ್ಬಿಡೋಣ' ಅನ್ನಿ. ಒಂದು ಹೆಜ್ಜೆ ಇಟ್ಟರೆ ಇನ್ನೊಂದು ಹೆಜ್ಜೆಯ ಬಗ್ಗೆ ಮಾತ್ರ ಮಾತಾಡಿ. ಬೇಡ ಅಂದರೆ ಬೇಡ. ಹಿಂದಕ್ಕೆ ಕರೆದುಕೊಂಡು ಬಂದು, ಹಾರ್ನೆಸ್ ಬಿಚ್ಚಿ, ಮುಂದಿನವರ ಹೆಲ್ಮೆಟ್ ನೋಡುವ ಕೆಲಸ ಕೊಡಿ. ಎಷ್ಟೋ ಸಲ ಅದೇ ಮಗು ಕೊನೆಯಲ್ಲಿ ತಾನೇ ಬಂದು 'ಈಗ ಹೋಗ್ಲಾ?' ಅನ್ನುತ್ತದೆ. ಬರದಿದ್ದರೂ ಏನೂ ನಷ್ಟವಿಲ್ಲ. ತಳ್ಳಿ ಇಳಿಸಿದ ಮಗು ಮಾತ್ರ ಜೀವಮಾನವಿಡೀ ಬಂಡೆ ಹತ್ತಿರ ಬರುವುದಿಲ್ಲ.

ಮಕ್ಕಳ ಜೊತೆ ಇನ್ನೊಂದು ನಿಯಮ. ಯಾವ ಮಗುವಿನ ಜೊತೆಯೂ ಟೆಂಟು, ರೂಮು, ಬಾತ್‌ರೂಮಿನಲ್ಲಿ ಒಬ್ಬರೇ ಇರಬೇಡಿ. ಹಾರ್ನೆಸ್ ಬಿಗಿ ಮಾಡುವಾಗ ಮೊದಲು ಹೇಳಿ, ಕೇಳಿ, ಆಮೇಲೆ ಕೈ ಹಾಕಿ. ಮಕ್ಕಳ ಫೋಟೋ ನಿಮ್ಮ ಇನ್‌ಸ್ಟಾಗ್ರಾಮಿಗೆ ಹೋಗಬಾರದು.

'ಬೇಡ' ಅನ್ನುವ ಧೈರ್ಯ

ಒಳ್ಳೆಯ ಕ್ಯಾಂಪ್‌ನಲ್ಲಿ 'ನಿಲ್ಲಿಸಿ' ಅಂತ ಇಂಟರ್ನ್ ಕೂಗಿದರೂ ಎಲ್ಲರೂ ನಿಲ್ಲಿಸುತ್ತಾರೆ. ಏನೂ ಆಗಿರಲಿಲ್ಲ ಅಂದರೆ ನಕ್ಕು ಮುಂದೆ ಹೋಗುತ್ತಾರೆ, ಬೈಯುವುದಿಲ್ಲ. ಫೋಟೋಗೆ ಅಂತ ಲೈಫ್ ಜಾಕೆಟ್ ಬಿಚ್ಚುವವರು, ಕುಡಿದು ಬಂದವರು, 'ಡಬಲ್ ದುಡ್ಡು ಕೊಡ್ತೀನಿ, ಇನ್ನಿಬ್ಬರನ್ನ ಬೋಟಿಗೆ ಹತ್ತಿಸು' ಅನ್ನುವವರು ಬಂದೇ ಬರುತ್ತಾರೆ. ನೀವು ವಾದ ಮಾಡಬೇಕಾಗಿಲ್ಲ, ಹಿರಿಯ ಇನ್‌ಸ್ಟ್ರಕ್ಟರನ್ನು ಕರೆಯಿರಿ. ಹಿರಿಯರೇ ದುಡ್ಡಿಗೆ ಒಪ್ಪಿಕೊಂಡರೆ ಆ ಬೋಟಿಗೆ ನೀವು ಹತ್ತಬೇಡಿ, ರಾತ್ರಿಯೇ ಕಾಲೇಜಿನ ಮೇಷ್ಟ್ರಿಗೆ ಫೋನ್ ಮಾಡಿ ಬೇರೆ ಜಾಗ ಹುಡುಕಿ.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲಿನ ಮೇಲೆ ಕಣ್ಣಿರಲಿ. ಮಿಂಚು ಕಂಡ ಮೇಲೆ ಎಣಿಸಿ, 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಬಂಡೆ, ನೀರು, ಬಯಲು ಬಿಟ್ಟು ಕಟ್ಟಡಕ್ಕೋ ವಾಹನಕ್ಕೋ ಹೋಗಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮತ್ತೆ ಶುರು ಮಾಡಬಾರದು. ಬಂಡೆಗಳಲ್ಲಿ ಹೆಜ್ಜೇನು ಇದ್ದೇ ಇರುತ್ತದೆ. ಗೂಡು ಎಲ್ಲಿದೆ ಅಂತ ಬೆಳಿಗ್ಗೆಯೇ ನೋಡಿಕೊಳ್ಳಿ, ಹೊಗೆ, ಗಲಾಟೆ, ಗಾಢ ಸೆಂಟು ಯಾವುದೂ ಬೇಡ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಮೂರೂ ತಪ್ಪು. ಉಂಗುರ, ಬಳೆ, ಗಡಿಯಾರ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಮಾಡಿ, ಅವರನ್ನು ನಡೆಸದೆ, ವಿಷ ಇಳಿಸುವ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಬೇಗ ಸಾಗಿಸಬೇಕು. ನಾಟಿ ಔಷಧಿ ಅಂತ ಹೊತ್ತು ಕಳೆಯಬಾರದು. ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆ ಅಂತ ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ. ಆಂಬುಲೆನ್ಸ್‌ಗೆ 108, ಬೇರೆ ಯಾವುದೇ ತುರ್ತಿಗೆ 112. ಅಪಘಾತ ಆದಾಗ ಇಂಟರ್ನ್ ಕೆಲಸ ನೀರಿಗೆ ಹಾರುವುದಲ್ಲ. ಉಳಿದವರನ್ನು ಒಂದು ಕಡೆ ಕೂರಿಸಿ, ಎಣಿಸಿ, ಏನು ಎಷ್ಟು ಹೊತ್ತಿಗೆ ಆಯಿತು ಅಂತ ಗಡಿಯಾರ ನೋಡಿ ಬರೆಯುತ್ತಾ ಹೋಗಿ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ದಿನಾ ಸಂಜೆ ಹತ್ತು ನಿಮಿಷ

ಎಷ್ಟೇ ಸುಸ್ತಾಗಿದ್ದರೂ ಮಲಗುವ ಮೊದಲು ಲಾಗ್‌ಬುಕ್ ಬರೆಯಿರಿ. ತಾರೀಕು, ಜಾಗ, ಹವಾಮಾನ ಅಥವಾ ನೀರಿನ ಮಟ್ಟ, ಗುಂಪಿನಲ್ಲಿ ಎಷ್ಟು ಜನ, ಯಾರ ಕೈಕೆಳಗೆ ಕೆಲಸ ಮಾಡಿದಿರಿ, ನೀವು ಮಾಡಿದ್ದೇನು. 'ರಾಫ್ಟಿಂಗ್ ಮಾಡಿದೆ' ಅಂತ ಬರೆದರೆ ಪ್ರಯೋಜನವಿಲ್ಲ. 'ದಡದಲ್ಲಿ ಥ್ರೋ ಬ್ಯಾಗ್ ಹಿಡಿದು ನಿಂತೆ, ಎರಡು ಸಲ ಎಸೆದೆ, ಒಂದು ಸಲ ಗುರಿ ತಪ್ಪಿತು' ಅಂತ ಬರೆಯಿರಿ. ಸ್ವಲ್ಪದರಲ್ಲಿ ತಪ್ಪಿದ ಅನಾಹುತಗಳನ್ನು ಬೇರೆ ಪುಟದಲ್ಲಿ ಬರೆಯಿರಿ, ಕಾಲೇಜಿನ ರಿಪೋರ್ಟ್‌ಗೂ ಅದೇ ಜೀವಾಳ. ವಾರಕ್ಕೊಮ್ಮೆ ಹಿರಿಯ ಇನ್‌ಸ್ಟ್ರಕ್ಟರ್ ಹತ್ತಿರ ಸಹಿ ಹಾಕಿಸಿಕೊಳ್ಳಿ. ಕೊನೆಯ ದಿನ ಎಲ್ಲ ಪುಟಕ್ಕೂ ಒಟ್ಟಿಗೆ ಸಹಿ ಕೇಳಿದರೆ ಯಾರೂ ಓದಿ ಹಾಕುವುದಿಲ್ಲ.

ಸಹಿ ಹಾಕಿಸುವಾಗಲೇ 'ಅಣ್ಣ, ನಾನು ಎಲ್ಲಿ ಸರಿ ಮಾಡ್ಕೋಬೇಕು?' ಅಂತ ಕೇಳಿ. ಅವರಾಗಿ ಬಂದು ಹೇಳುವಷ್ಟು ಬಿಡುವು ಸೀಸನ್ನಿನಲ್ಲಿ ಅವರಿಗೆ ಇರುವುದಿಲ್ಲ.

ಆಮೇಲೆ

ಈ ಕೆಲಸ ನಿಮಗೆ ಹಿಡಿಸಿತು ಅಂದರೆ ಮುಂದಿನ ದಾರಿ ಸ್ಪಷ್ಟವಾಗಿದೆ. ನಮ್ಮಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿ ಬರುತ್ತದೆ, ಅದರ ಶಿಬಿರಗಳ ಪ್ರಕಟಣೆ ನೋಡುತ್ತಿರಿ. ಪರ್ವತದ ಕಡೆ ಮನಸ್ಸಿದ್ದರೆ 1954ರಲ್ಲಿ ಶುರುವಾದ ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನಿಯರಿಂಗ್ ಇನ್‌ಸ್ಟಿಟ್ಯೂಟ್, 1965ರಲ್ಲಿ ಶುರುವಾದ ಉತ್ತರಕಾಶಿಯ ನೆಹರು ಇನ್‌ಸ್ಟಿಟ್ಯೂಟ್ ಆಫ್ ಮೌಂಟನಿಯರಿಂಗ್, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ. ಇವುಗಳ ಬೇಸಿಕ್ ಕೋರ್ಸ್ ಸುಮಾರು 4 ವಾರದ್ದು. ಅದರಲ್ಲಿ 'ಎ' ಗ್ರೇಡ್ ಬಂದರೆ ಮಾತ್ರ ಅಡ್ವಾನ್ಸ್ ಕೋರ್ಸ್‌ಗೆ ಹೋಗಬಹುದು, ಇನ್‌ಸ್ಟ್ರಕ್ಟರ್ ಆಗುವ ಕೋರ್ಸ್ ಅದರ ನಂತರದ್ದು. ಸೀಟು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುವುದರಿಂದ ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ ಅರ್ಜಿ ಹಾಕಿಡಿ. ನೀರಿನ ಕೆಲಸಕ್ಕೆ ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ.

ಕ್ಯಾಂಪ್ ಬಿಡುವಾಗ ಕೊಡುವ ಪತ್ರದಲ್ಲಿ 'ಉತ್ತಮ ನಡತೆ' ಅಂತ ಒಂದೇ ಸಾಲು ಇದ್ದರೆ ಒಪ್ಪಬೇಡಿ. ಯಾವ ಚಟುವಟಿಕೆಯಲ್ಲಿ, ಯಾವ ಜವಾಬ್ದಾರಿಯಲ್ಲಿ, ಎಷ್ಟು ದಿನ ಕೆಲಸ ಮಾಡಿದಿರಿ ಅಂತ ಬಿಡಿಸಿ ಬರೆಸಿಕೊಳ್ಳಿ. ಬರೆಯಲು ಅವರಿಗೆ ಪುರುಸೊತ್ತಿಲ್ಲದಿದ್ದರೆ ನಿಮ್ಮ ಲಾಗ್‌ಬುಕ್ ನೋಡಿ ನೀವೇ ಕರಡು ಮಾಡಿಕೊಟ್ಟು ಸಹಿ, ಸೀಲು ಹಾಕಿಸಿ. ಮುಂದಿನ ಸೀಸನ್‌ಗೆ ಕೆಲಸ ಕೇಳಿಕೊಂಡು ಹೋದಾಗ ಅಲ್ಲಿಯವರು ಓದುವುದು ಆ ವಿವರಗಳನ್ನೇ.